ಉಪ್ಪಿನ ಋಣವೂ ಹೃದಯದ ಭಾರವೂ

ಅನ್ನವನ್ನೇ ಔಷಧವಾಗಿ ಉಣಿಸಿ ರಕ್ತದೊತ್ತಡವನ್ನು ಇಳಿಸಿದ ವೈದ್ಯನೊಬ್ಬನಿದ್ದನೆಂದರೆ, ಅನ್ನವನ್ನೇ ನಂಬಿದ ನಮ್ಮ ಸೀಮೆಯವರಿಗೆ ಅಚ್ಚರಿಯೊಡನೆ ಕೊಂಚ ಸಂತೋಷವೂ ಆಗುವುದು ಸಹಜ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋಗಿ, ಉತ್ತರ ಕೆರೊಲೈನದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ್ದ ವಾಲ್ಟರ್ ಕೆಂಪ್ನರ್ ಎಂಬಾತನು, 1940ರ ದಶಕದಲ್ಲಿ, ಅಂದಿನ ವೈದ್ಯಶಾಸ್ತ್ರವು ಕೈಚೆಲ್ಲಿ ಕುಳಿತಿದ್ದ ತೀವ್ರ ರಕ್ತದೊತ್ತಡದ ರೋಗಿಗಳನ್ನು ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ ಇವಿಷ್ಟರ ಮೇಲೆಯೇ ವಾರಗಟ್ಟಲೆ ಇರಿಸಿದನು. ಅವನ ಜರ್ಮನ್ ಉಚ್ಚಾರಣೆ ತಿಳಿಯದೆ ಎರಡು ವಾರವೆಂದುದನ್ನು ಎರಡು ತಿಂಗಳೆಂದು ಗ್ರಹಿಸಿದ ರೋಗಿಯೊಬ್ಬಳು, ಅಷ್ಟು ಕಾಲವೂ ಆ ಸಪ್ಪೆಯೂಟವನ್ನೇ ಉಂಡು ಹಿಂದಿರುಗಿದಾಗ, ಒತ್ತಡವು ಇಳಿದುದಲ್ಲದೆ ಊದಿದ್ದ ಹೃದಯವೂ ಕುಗ್ಗಿತ್ತೆಂದು ಹೇಳುವುದುಂಟು.

ಆದರೆ ಇದರ ಕೀರ್ತಿಯನ್ನು ಅನ್ನಕ್ಕೆ ಕಟ್ಟಲಾಗದು. ಸಾರು, ಹಪ್ಪಳ, ಉಪ್ಪಿನಕಾಯಿಗಳ ನೆರವಿಲ್ಲದೆ ಗಂಟಲಿಳಿಯದ ನಮ್ಮ ಅನ್ನಕ್ಕೂ ಕೆಂಪ್ನರನ ಅನ್ನಕ್ಕೂ ಇರುವ ಮುಖ್ಯ ಭೇದವೆಂದರೆ, ಅವನದಕ್ಕೆ ಉಪ್ಪಿನ ಹರಳೊಂದೂ ಬೀಳುತ್ತಿರಲಿಲ್ಲ.

ಉಪ್ಪು ವಿಷವಲ್ಲ. ತೂಕದಲ್ಲಿ ಅದರ ಐದರಲ್ಲಿ ಎರಡು ಪಾಲಿನಷ್ಟಿರುವ ಸೋಡಿಯಂ ಇಲ್ಲದಿದ್ದರೆ ನರಗಳ ಸಂದೇಶವೂ ಸ್ನಾಯುಗಳ ಸಂಕೋಚವೂ ನಡೆಯಲಾರವು. ಆದರೆ ಅಗತ್ಯವನ್ನು ಮೀರಿ ಬಂದ ಸೋಡಿಯಮ್ಮನ್ನು ಮೂತ್ರಪಿಂಡಗಳು ಹೊರಹಾಕುವವರೆಗೆ, ರಕ್ತದ ಸಾಂದ್ರತೆ ಏರದಿರಲೆಂದು ದೇಹವು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಬ್ಬದೂಟದ ತರುವಾಯ ಚೊಂಬುಗಟ್ಟಲೆ ನೀರು ಕುಡಿಯುವಂತಾಗುವುದೂ ಇದರಿಂದಲೇ. ಹೀಗೆ ರಕ್ತದ ಪ್ರಮಾಣ ಹೆಚ್ಚಿ, ಕಾಲಕ್ರಮದಲ್ಲಿ ಧಮನಿಗಳು ಬಿರುಸಾಗಿ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಹೃದಯವು ಪ್ರತಿ ಮಿಡಿತದಲ್ಲಿಯೂ ಅಧಿಕ ಪ್ರತಿರೋಧದೆದುರು ರಕ್ತವನ್ನು ನೂಕಬೇಕಾಗುತ್ತದೆ. ಏತ ತುಳಿಯುವವನ ಮೀನಖಂಡದಂತೆ ಎಡ ಹೃತ್ಕುಕ್ಷಿಯ ಗೋಡೆಯೂ ದಪ್ಪವಾಗುತ್ತದೆ. ಕಾಲಿಗೆ ಅದು ಬಲ, ಹೃದಯಕ್ಕಾದರೋ ಅದೇ ರೋಗ, ಏಕೆಂದರೆ ದಪ್ಪಗಾದ ಗೋಡೆಯು ಸರಿಯಾಗಿ ಸಡಿಲಗೊಳ್ಳಲಾರದು, ಅದಕ್ಕೆ ಬೇಕಾದಷ್ಟು ರಕ್ತವೂ ಒದಗಲಾರದು. ಇಷ್ಟೆಲ್ಲ ನಡೆಯುತ್ತಿದ್ದರೂ ಮನುಷ್ಯನಿಗೆ ನೋವಿಲ್ಲ, ಸುಸ್ತಿಲ್ಲ. ಅಳೆದು ನೋಡಿದ ಹೊರತು ತಿಳಿಯುವುದೂ ಇಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸನು ಕುದುರೆಯೊಂದರ ಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿ, ರಕ್ತವು ಎಂಟು ಅಡಿಗೂ ಮೀರಿ ಏರಿದುದನ್ನು ಕಂಡು, 1733ರಲ್ಲಿ ಆ ವಿವರವನ್ನು ಪ್ರಕಟಿಸಿದನು. 1896ರಲ್ಲಿ ಇಟಲಿಯ ರೀವಾ ರೋಚಿ ತೋಳಿಗೆ ಸುತ್ತುವ ಪಟ್ಟಿಯನ್ನು ರೂಪಿಸಿದ ಮೇಲೆ, ಬಿ.ಪಿ. ನೋಡಿಸಿಕೊಳ್ಳಲು ಹೆದರುವುದಕ್ಕೆ ಕಾರಣವೇ ಉಳಿದಿಲ್ಲ.

ವಯಸ್ಸಾದಂತೆ ಒತ್ತಡವೇರುವುದು ನಿಸರ್ಗನಿಯಮವೆಂದು ಬಹಳ ಮಂದಿ ತಿಳಿದಿದ್ದಾರೆ. 32 ದೇಶಗಳ 52 ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ ಜನರನ್ನು ಪರೀಕ್ಷಿಸಿ 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನವು ಈ ನಂಬಿಕೆಯನ್ನು ಅಲುಗಿಸಿತು: ಉಪ್ಪನ್ನು ಬಹುಮಟ್ಟಿಗೆ ಅರಿಯದ ಅಮೆಜಾನ್ ಕಾಡಿನ ಯಾನೊಮಾಮಿ ಜನರಲ್ಲಿ ವಯಸ್ಸಾದಂತೆ ಒತ್ತಡವು ಏರುತ್ತಿರಲಿಲ್ಲ. ಅವರ ಬದುಕಿನಲ್ಲಿ ಉಪ್ಪಿನ ಅಭಾವವೊಂದೇ ವಿಶೇಷವಲ್ಲವಾದುದರಿಂದ ಎಲ್ಲವನ್ನೂ ಅದರ ತಲೆಗೇ ಕಟ್ಟುವುದು ನ್ಯಾಯವಲ್ಲ. ಆದರೂ ಸೂಚನೆ ಸ್ಪಷ್ಟವಾಗಿದೆ.

ವಯಸ್ಕರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕೆ ಮೀರದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಲೋಕವು ಸರಾಸರಿ ಅದರ ಇಮ್ಮಡಿಯಷ್ಟನ್ನು ತಿನ್ನುತ್ತಿದೆ. ಎಲೆಯ ತುದಿಗೆ ಬಡಿಸಿದ ಚಿಟಿಕೆ ಉಪ್ಪನ್ನು ಕಂಡು ಗದರುವ ಮನೆಯವರು, ಅದರ ಪಕ್ಕದಲ್ಲಿಯೇ ಇರುವ ಮಾವಿನ ಮಿಡಿಯನ್ನೂ ಸಂಡಿಗೆಯನ್ನೂ ಬಾಳಕದ ಮೆಣಸಿನಕಾಯಿಯನ್ನೂ ಕಾಣದವರಂತಿರುತ್ತಾರೆ. ಬೇಕರಿಯ ಬ್ರೆಡ್ಡು, ಬಿಸ್ಕತ್ತುಗಳು ಸಿಹಿಯ ಮರೆಯಲ್ಲಿ ಉಪ್ಪನ್ನು ಹೊತ್ತು ಬರುತ್ತವೆ; ಅಡುಗೆ ಸೋಡದಲ್ಲಿರುವುದೂ ಸೋಡಿಯಮ್ಮೇ.

ಸಪ್ಪೆಯುಂಡು ಬದುಕುವುದೆಂತೆಂಬ ಪ್ರಶ್ನೆಗೆ ನಾಲಿಗೆಯೇ ಉತ್ತರವೀಯುತ್ತದೆ. ಉಪ್ಪನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತ ಬಂದವರಿಗೆ, ಎರಡು ಮೂರು ತಿಂಗಳುಗಳಲ್ಲಿ ಹಿಂದಿನ ಹದದ ಅಡುಗೆಯೇ ಬಾಯಿಗಿಡಲಾರದಷ್ಟು ಉಪ್ಪೆನಿಸುತ್ತದೆ. ನಿಂಬೆ, ಹುಣಸೆ, ಜೀರಿಗೆ, ಮೆಣಸು, ಕೊತ್ತಂಬರಿ ಸೊಪ್ಪುಗಳಿರುವ ನಮ್ಮ ಅಡುಗೆಮನೆಗೆ ಈ ಸಾಧನೆ ದುಸ್ಸಾಧ್ಯವೇನಲ್ಲ. ಬಾಳೆಹಣ್ಣು, ಸೊಪ್ಪು, ಬೇಳೆಕಾಳು, ಎಳನೀರುಗಳಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ಸೋಡಿಯಮ್ಮನ್ನು ಹೊರಗಟ್ಟುವುದರಲ್ಲಿ ಮೂತ್ರಪಿಂಡಗಳಿಗೆ ನೆರವಾಗುತ್ತದೆ. ಚೀನದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಪ್ಪಿನ ಕಾಲುಭಾಗಕ್ಕೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿ ಕೊಟ್ಟಾಗ, ಪಾರ್ಶ್ವವಾಯು ಶೇಕಡ 14ರಷ್ಟು ಇಳಿಯಿತು. ಆದರೆ ಮೂತ್ರಪಿಂಡದ ರೋಗವಿರುವವರಿಗೆ ಪೊಟ್ಯಾಸಿಯಮ್ಮು ಅಪಾಯಕರ. ಒತ್ತಡದ ಕೆಲವು ಮಾತ್ರೆಗಳೊಡನೆಯೂ ಅದು ಸಲ್ಲದುದರಿಂದ, ವೈದ್ಯರನ್ನು ಕೇಳದೆ ಅಂಥ ಉಪ್ಪನ್ನು ಕೊಳ್ಳಬಾರದು. ಇನ್ನು, ಹೃದಯಕ್ಕೆ ಹಿತವೆಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ಸೈಂಧವ ಲವಣವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡು; ಅಯೋಡಿನ್ ಬೆರೆತ ಉಪ್ಪನ್ನು ತೊರೆದು ಅದನ್ನೇ ಹಿಡಿದವರು, ಒತ್ತಡದಲ್ಲೇನೂ ಲಾಭ ಕಾಣದೆ, ಗಳಗಂಡದ ಭಯವೊಂದನ್ನು ಹಣ ಕೊಟ್ಟು ತಂದಂತಾದೀತು.