ಮೊದಲ ತಿಂಗಳು ದಾಟಿದರೆ ಗಿಟಾರ್ ನಮ್ಮದೇ

ನಮ್ಮ ಹಾಸ್ಟೆಲ್‌ನಲ್ಲಿ ಗಿಟಾರ್‌ಗಳಿಗೆ ಬರ ಇಲ್ಲ, ನುಡಿಸೋರಿಗೆ ಮಾತ್ರ ಬರ. ಮೊದಲನೇ ಸೆಮ್‌ನಲ್ಲಿ ಹುರುಪಿನಿಂದ ತರ್ತೀವಿ. ಇಂಟರ್ನಲ್ಸ್ ಬರೋ ಹೊತ್ತಿಗೆ ಅದು ಮಂಚದ ಕೆಳಗೆ ಸೇರಿರುತ್ತೆ. ಯಾಕೋ ಅಂದ್ರೆ, "ನಂಗೆ ಸಂಗೀತ ಬರಲ್ಲ ಬಿಡೋ" ಅನ್ನೋ ಉತ್ತರ. ಸಂಜೆ ಒಟ್ಟಿಗೆ ಕೂತು ನುಡಿಸೋ ನಮ್ಮ ಗುಂಪಿಗೆ ಅನ್ನಿಸಿರೋದೇ ಬೇರೆ. ಜನ ಬಿಡೋದು ಮೂರು ಕಾರಣಕ್ಕೆ: ಶ್ರುತಿ ಸೇರದ ತಂತಿ, ಬೆರಳ ನೋವು, ಒಟ್ಟಿಗೇ ಹತ್ತು ಕಾರ್ಡ್ ಕಲಿಯೋ ಆತುರ. ಮೂರಕ್ಕೂ ದಾರಿ ಇದೆ.

ದುಡ್ಡು ಹಾಕೋ ಮುಂಚೆ

ಅಪ್ಪನ ಹತ್ರ ದುಡ್ಡು ಕೇಳೋ ಮೊದಲು ಸೀನಿಯರ್ ಹತ್ರ ಒಂದು ತಿಂಗಳಿಗೆ ಗಿಟಾರ್ ಕೇಳಿ. ಮಂಚದ ಕೆಳಗೆ ಹೇಗೂ ಇದೆ! ಕೊಳ್ಳೋದೇ ಆದ್ರೆ 12ನೇ ಫ್ರೆಟ್ ಹತ್ರ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಅದು 3 ಮಿ.ಮೀ.ಗಿಂತ ತುಂಬಾ ಜಾಸ್ತಿ ಇದ್ದರೆ ಹೊಸಬರ ಬೆರಳಿಗೆ ಶಿಕ್ಷೆ. ಅಂಗಡಿಯವರಿಗೆ ಹೇಳಿ ಇಳಿಸಿಕೊಳ್ಳಿ. ನೈಲಾನ್ ತಂತಿ ಬೆರಳಿಗೆ ಇನ್ನೂ ಮೆತ್ತಗೆ. ಆದರೆ ಸ್ಟೀಲ್ ತಂತಿಯ ಗಿಟಾರ್‌ಗೆ ನೈಲಾನ್, ನೈಲಾನ್ ಗಿಟಾರ್‌ಗೆ ಸ್ಟೀಲ್ ಹಾಕಬೇಡಿ.

ಮೊದಲು ಶ್ರುತಿ

ದಪ್ಪ ತಂತಿಯಿಂದ ಸಣ್ಣದಕ್ಕೆ ಬಂದ್ರೆ ಇ, ಎ, ಡಿ, ಜಿ, ಬಿ, ಇ. ದಪ್ಪನೆಯದು 6ನೇ ತಂತಿ, ಸುಮಾರು 82.4 ಹರ್ಟ್ಜ್. ಸಣ್ಣದು 1ನೇ ತಂತಿ, 329.6. ಸರಿಯಾಗಿ ನಾಲ್ಕು ಪಟ್ಟು, ಅಂದ್ರೆ ಎರಡು ಸ್ಥಾಯಿ ಮೇಲೆ. ಒಂದು ಫ್ರೆಟ್ ಏರಿದರೆ ಫ್ರೀಕ್ವೆನ್ಸಿ ಸುಮಾರು 1.059 ಪಟ್ಟಾಗುತ್ತೆ. ಹೀಗೆ ಹನ್ನೆರಡು ಸಲ ಏರಿದರೆ ಎರಡು ಪಟ್ಟು, ಕೆಳಗಿನ 'ಸ'ದಿಂದ ಮೇಲಿನ 'ಸ'ಕ್ಕೆ. ಅದಕ್ಕೇ 12ನೇ ಫ್ರೆಟ್ ಇರೋದು ತಂತಿಯ ನಟ್ಟನಡುವೆ.

ಫೋನ್‌ನಲ್ಲಿ ಒಂದು ಟ್ಯೂನರ್ ಆ್ಯಪ್ ಸಾಕು. ಪ್ರತಿದಿನ ಶ್ರುತಿ ಮಾಡಿಕೊಂಡೇ ಶುರು ಮಾಡಿ. ಶ್ರುತಿ ಸೇರದ ಗಿಟಾರ್‌ನಲ್ಲಿ ಕಾರ್ಡ್ ಸರಿಯಾಗಿ ಹಿಡಿದ್ರೂ ಅಪಸ್ವರವೇ ಬರೋದು. ಹೊಸಬರು ಆಗ ತಪ್ಪು ತಮ್ಮದೇ ಅಂದುಕೊಳ್ತಾರೆ.

ಬೆರಳ ನೋವು

ತಂತಿಯನ್ನ ಫ್ರೆಟ್‌ನ ಲೋಹದ ಪಟ್ಟಿಯ ಮೇಲೆ ಒತ್ತಬೇಡಿ, ಅದರ ಸ್ವಲ್ಪ ಹಿಂದೆ ಒತ್ತಿ. ಪಟ್ಟಿಗೆ ಹತ್ತಿರ ಆದಷ್ಟೂ ಕಡಿಮೆ ಬಲ ಸಾಕು. ಎಡಗೈ ಉಗುರು ಕತ್ತರಿಸಿಕೊಳ್ಳಿ. ಬೆರಳ ತುದಿಯಲ್ಲೇ ಒತ್ತಿ, ಇಲ್ಲದಿದ್ರೆ ಪಕ್ಕದ ತಂತಿಗೆ ತಾಗಿ ಸದ್ದು ಸತ್ತುಹೋಗುತ್ತೆ. ಕೆಲವು ವಾರದಲ್ಲಿ ಅಲ್ಲಿನ ಚರ್ಮ ಗಟ್ಟಿಯಾಗುತ್ತೆ. ಭಾನುವಾರ ಎರಡು ಗಂಟೆ ಉಜ್ಜಿ ಬೊಬ್ಬೆ ಬರಿಸ್ಕೊಳ್ಳೋದಕ್ಕಿಂತ ದಿನಾ 15 ನಿಮಿಷ ಒಳ್ಳೇದು. ಮಣಿಕಟ್ಟು ನೋವು ಬಂದ್ರೆ ಮಾತ್ರ ನಿಲ್ಲಿಸಿ, ಕೈ ಇಟ್ಟಿರೋ ರೀತಿ ನೋಡಿಕೊಳ್ಳಿ.

ಮೂರೇ ಕಾರ್ಡ್

ಕೆಲವು ಸ್ವರ ಒಟ್ಟಿಗೆ ನುಡಿದರೆ ಅದೇ ಕಾರ್ಡ್. ಶುರುವಿಗೆ ಈ ಮೂರು, ಇದೇ ಕ್ರಮದಲ್ಲಿ.

ಇ ಮೈನರ್: 5ನೇ ತಂತಿಯ 2ನೇ ಫ್ರೆಟ್‌ನಲ್ಲಿ ನಡುಬೆರಳು, 4ನೇ ತಂತಿಯ 2ನೇ ಫ್ರೆಟ್‌ನಲ್ಲಿ ಉಂಗುರಬೆರಳು. ಆರೂ ತಂತಿ ಮೀಟಿ.

ಎ ಮೈನರ್: ಅದೇ ಎರಡು ಬೆರಳನ್ನ ಹಾಗೇ ಒಂದೊಂದು ತಂತಿ ಕೆಳಗಿಳಿಸಿ, ಅಂದ್ರೆ 4 ಮತ್ತು 3ನೇ ತಂತಿಗೆ. ತೋರುಬೆರಳು 2ನೇ ತಂತಿಯ 1ನೇ ಫ್ರೆಟ್‌ಗೆ. 5ನೇ ತಂತಿಯಿಂದ ಮೀಟಿ.

ಸಿ: ತೋರುಬೆರಳು, ನಡುಬೆರಳು ಅಲ್ಲೇ ಇರಲಿ. ಉಂಗುರಬೆರಳನ್ನ ಮಾತ್ರ 5ನೇ ತಂತಿಯ 3ನೇ ಫ್ರೆಟ್‌ಗೆ ಒಯ್ಯಿರಿ. ಇದನ್ನೂ 5ನೇ ತಂತಿಯಿಂದಲೇ ಮೀಟಿ.

ಕಷ್ಟ ಇರೋದು ಕಾರ್ಡ್ ಹಿಡಿಯೋದ್ರಲ್ಲಿ ಅಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗೋದ್ರಲ್ಲಿ. ಅದಕ್ಕೇ ಕಡಿಮೆ ಬೆರಳು ಕದಲೋ ಈ ಕ್ರಮ. ಫೋನ್‌ನಲ್ಲಿ ಒಂದು ನಿಮಿಷ ಟೈಮರ್ ಇಟ್ಟು, ಎಷ್ಟು ಸಲ ಬದಲಿಸಿದಿರಿ ಅಂತ ಎಣಿಸಿ, ಬರೆದಿಡಿ. ಮೊದಲ ದಿನ ಎಂಟು ಬಂದ್ರೂ ಪರವಾಗಿಲ್ಲ, ಮೂವತ್ತು ದಾಟಿದಾಗ ಹಾಡಿಗೆ ಕೈ ಹಾಕಿ. ಆಮೇಲೆ ಜಿ, ಡಿ ಸೇರಿಸಿಕೊಳ್ಳಿ. ಒಂದೇ ಬೆರಳಲ್ಲಿ ಆರೂ ತಂತಿ ಒತ್ತಬೇಕಾದ ಎಫ್ ಸದ್ಯಕ್ಕೆ ಬೇಡ. ಎಷ್ಟೋ ಜನ ಗಿಟಾರ್ ಕೆಳಗಿಟ್ಟಿರೋದೇ ಅಲ್ಲಿ.

ಇಷ್ಟೆಲ್ಲಾ ಯಾಕೆ?

ಮೈಸೂರಿನಲ್ಲಿ ಓದಿದ ರಘು ದೀಕ್ಷಿತ್ ಮೈಕ್ರೊಬಯಾಲಜಿ ವಿದ್ಯಾರ್ಥಿ, ಭರತನಾಟ್ಯ ಕಲಿತವರು. ಗಿಟಾರ್ ಮಾತ್ರ ಸ್ವಂತವಾಗಿ ಕಲಿತದ್ದು. ನಾವೆಲ್ಲ ಅವರಾಗಬೇಕು ಅಂತಲ್ಲ. ನವೆಂಬರ್ ಬಂದ್ರೆ ರಾಜ್ಯೋತ್ಸವಕ್ಕೆ ನಾವು ಹಾಡೋದು ಕರೋಕೆ ಟ್ರ್ಯಾಕ್‌ಗೆ. ಟ್ರ್ಯಾಕ್‌ನ ಶ್ರುತಿ ಗಂಟಲಿಗೆ ಹೊಂದದೆ, ಚೆನ್ನಾಗಿ ಹಾಡೋರೂ ಹಿಂದೆ ಸರೀತಾರೆ. ಗಿಟಾರ್ ಇದ್ರೆ ಒಂದು ಕೇಪೋ ಸಿಕ್ಕಿಸಿದರೆ ಆಯ್ತು. ಅದೇ ಕಾರ್ಡ್‌ಗಳು, ಒಂದೊಂದು ಫ್ರೆಟ್‌ಗೆ ಅರ್ಧ ಸ್ವರ ಮೇಲೆ. ಹಾಡೋರು ಟ್ರ್ಯಾಕ್ ಹಿಂದೆ ಓಡಬೇಕಿಲ್ಲ, ನಾವೇ ಅವರ ಶ್ರುತಿಗೆ ಬರಬಹುದು.

ಹಾಡೋರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಇವತ್ತು ಊಟ ಆದಮೇಲೆ ಮಂಚದ ಕೆಳಗಿನ ಗಿಟಾರ್ ಧೂಳು ಒರೆಸಿ, ಶ್ರುತಿ ಮಾಡಿ, ಇ ಮೈನರ್ ಒಂದನ್ನೇ ಹಿಡಿದು ನೋಡಿ.