ಅಜ್ಜ ಬೇಡ ಎಂದರೂ ಫೋನ್ ಮಾಡಿ

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೂತವನು ನಾನು. ಓದಿದ್ದು ಬಿ.ಕಾಂ., ವೈದ್ಯನಲ್ಲ. ಆದರೂ ಲಕ್ವ ಎಂಬ ಕಾಯಿಲೆಯ ಪರಿಚಯ ನನಗೆ ತುಂಬ ಹಿಂದೆಯೇ ಆಯಿತು. ಅದೂ ಆಸ್ಪತ್ರೆಯಲ್ಲಲ್ಲ, ಜನರ ಸಹಿಯಲ್ಲಿ. ಪಿಂಚಣಿದಾರರೊಬ್ಬರ ಚೆಕ್ಕು ಬರುತ್ತಿತ್ತು. ಮಾದರಿ ಸಹಿಯ ಕಾರ್ಡು ತೆಗೆದು ನೋಡಿದರೆ ಅಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಚೆಕ್ಕಿನ ಮೇಲೆ ಇರುವೆಯೊಂದು ಶಾಯಿ ಮೆತ್ತಿಕೊಂಡು ನಡೆದಂಥ ಗೀಟು. ವಿಚಾರಿಸಿದರೆ, ‘ಅಪ್ಪನಿಗೆ ಬಲಗೈ ಬಿದ್ದುಹೋಯ್ತು ಸಾರ್’ ಎಂದು ಮಗ ತಲೆ ತಗ್ಗಿಸುತ್ತಿದ್ದ. ಅಂಥವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು, ಇಬ್ಬರು ಸಾಕ್ಷಿಗಳ ಗುರುತಿನ ಮೇಲೆ ಹಣ ಕೊಡಲು ನಿಯಮವಿದೆ. ಕೈಬೆರಳೂ ಆಗದಿದ್ದರೆ ಕಾಲಿನ ಹೆಬ್ಬೆರಳಾದರೂ ಆದೀತು. ಸಾವಿರಾರು ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ಮೇಷ್ಟರೊಬ್ಬರು ಹೀಗೆ ಹೆಬ್ಬೆಟ್ಟು ಒತ್ತಿದ್ದನ್ನು ಕಂಡಿದ್ದೇನೆ. ಒತ್ತಿದ ಮೇಲೆ ಅವರು ಬೆರಳಿನ ಶಾಯಿಯನ್ನು ಬಹಳ ಹೊತ್ತು ಒರೆಸಿಕೊಳ್ಳುತ್ತಿದ್ದರು.

ಆಗ ಲಕ್ವ ಹೊಡೆದರೆ ಮುಗಿಯಿತು, ಹಣೆಬರಹ ಎನ್ನುತ್ತಿದ್ದರು. ಈಗ ಹಾಗಲ್ಲ. ನಿವೃತ್ತಿಯ ನಂತರ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು ನನಗೊಂದು ಚಟವಾಗಿದೆ. ಓದಿದ್ದರಲ್ಲಿ ಮನೆಮಂದಿಗೆ ಬೇಕಾದ್ದಷ್ಟನ್ನು ಇಲ್ಲಿ ಹೇಳುತ್ತೇನೆ.

ಮಕ್ಕಳೇ, ತೋಟದ ಹನಿ ನೀರಾವರಿ ಪೈಪು ನೋಡಿದ್ದೀರಲ್ಲ? ಅದರಲ್ಲಿ ಕಸ ಸಿಕ್ಕಿಕೊಂಡರೆ ಮುಂದಿನ ಗಿಡಗಳಿಗೆ ನೀರಿಲ್ಲ. ಪೈಪು ಒಡೆದರೂ ನೀರಿಲ್ಲ, ಜೊತೆಗೆ ಸುತ್ತ ಕೆಸರು. ಮಿದುಳಿನ ರಕ್ತನಾಳಕ್ಕೆ ಹೀಗಾದಾಗ ಅದನ್ನು ಪಾರ್ಶ್ವವಾಯು ಅಥವಾ ಸ್ಟ್ರೋಕ್ ಎನ್ನುತ್ತಾರೆ. ಹೆಚ್ಚಿನವು ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುವ ಬಗೆಯವು. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ; ಅದಕ್ಕೇ ಎಡಗಡೆ ನೀರು ನಿಂತರೆ ಬಲಗೈ ಬೀಳುತ್ತದೆ. ಹೆಚ್ಚಿನವರಲ್ಲಿ ಮಾತಿನ ಕಚೇರಿಯೂ ಎಡಗಡೆಯೇ ಇರುವುದರಿಂದ ಬಲಗೈ ಜೊತೆಗೆ ಮಾತೂ ಹೋಗುವುದುಂಟು.

ಅಮೆರಿಕದ ಲಾಸ್ ಏಂಜಲೀಸ್‌ನ ವೈದ್ಯ ಜೆಫ್ರಿ ಸೇವರ್ 2006ರಲ್ಲಿ ಒಂದು ಲೆಕ್ಕ ಹಾಕಿದರು. ದೊಡ್ಡ ರಕ್ತನಾಳ ಮುಚ್ಚಿಕೊಂಡು ಚಿಕಿತ್ಸೆ ಸಿಗದಿದ್ದರೆ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಒಂದು ಗಂಟೆ ತಡವಾದರೆ ಮಿದುಳಿಗೆ 3.6 ವರ್ಷ ವಯಸ್ಸಾದಷ್ಟು ನಷ್ಟ. ಬಡ್ಡಿ ಲೆಕ್ಕ ಹಾಕಿಯೇ ತಲೆ ನರೆಸಿಕೊಂಡವನು ನಾನು, ಇಷ್ಟು ಕ್ರೂರವಾದ ಬಡ್ಡಿಯನ್ನು ಯಾವ ಸಾಹುಕಾರನೂ ಹಾಕಿದ್ದು ನೋಡಿಲ್ಲ.

ಚಿಕಿತ್ಸೆಯ ಸಂಶೋಧನೆಯೆಲ್ಲ ಈ ನಿಮಿಷಗಳನ್ನು ಉಳಿಸುವ ಕಥೆಯೇ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ಹೆಚ್ಚು ಜನ ತಮ್ಮ ಕಾಲ ಮೇಲೆ ನಿಲ್ಲುತ್ತಾರೆ ಎಂದು 1995ರಲ್ಲಿ ಅಮೆರಿಕದಲ್ಲಿ ರುಜುವಾಯಿತು. 2008ರಲ್ಲಿ ಯುರೋಪಿನ ಅಧ್ಯಯನ ಅದನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ಆ ಮದ್ದನ್ನು ಒಂದು ಗಂಟೆ ಕಾಲ ಡ್ರಿಪ್‌ನಲ್ಲಿ ಹರಿಸಬೇಕು. ಅದರ ತಮ್ಮನಂತಿರುವ ಟೆನೆಕ್ಟಪ್ಲೇಸ್ ಒಂದೇ ಚುಚ್ಚಿಗೆ, ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದು ಹಳೆಯದಕ್ಕಿಂತ ಕಡಿಮೆಯೇನಲ್ಲ ಎಂದು 2022ರಲ್ಲಿ ಕೆನಡಾದ ಅಧ್ಯಯನ ತೋರಿಸಿತು.

ನನಗೆ ಎಲ್ಲಕ್ಕಿಂತ ಬೆರಗು ತಂದದ್ದು 2015ರ ಸುದ್ದಿ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯೊಂದನ್ನು ಮಿದುಳಿನವರೆಗೆ ತೂರಿಸಿ, ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಹಾಕಿ ಎತ್ತುವಂತೆ ಹೆಪ್ಪನ್ನೇ ಹಿಡಿದು ಎಳೆಯುತ್ತಾರೆ! ಆ ವರ್ಷ ನೆದರ್ಲೆಂಡ್ಸ್‌ನಿಂದ ಮೊದಲಾಗಿ ಐದು ಅಧ್ಯಯನಗಳು ಒಂದರ ಹಿಂದೊಂದರಂತೆ ಇದರ ಲಾಭವನ್ನು ಸಾಬೀತುಪಡಿಸಿದವು. ದೊಡ್ಡ ನಾಳ ಮುಚ್ಚಿದ ಕೆಲವರಿಗೆ 24 ಗಂಟೆಯವರೆಗೂ ಇದನ್ನು ಮಾಡಬಹುದೆಂದು 2018ರಲ್ಲಿ ಪ್ರಕಟವಾಯಿತು. ಇಲ್ಲೊಂದು ಎಚ್ಚರಿಕೆ: ಅದು ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ ಮಾತ್ರ. ‘ಒಂದು ದಿನ ಟೈಮಿದೆಯಂತೆ’ ಎಂದು ಯಾರೂ ಕಾಫಿ ಕುಡಿಯುತ್ತ ಕೂರಬಾರದು. ಜರ್ಮನಿಯವರಂತೂ ಸ್ಕ್ಯಾನ್ ಯಂತ್ರವನ್ನೇ ಆಂಬುಲೆನ್ಸಿಗೆ ಹಾಕಿಕೊಂಡು ರೋಗಿಯ ಮನೆ ಬಾಗಿಲಿಗೆ ಬರುತ್ತಾರೆ.

ಇಷ್ಟೆಲ್ಲ ಆದರೂ ಒಂದು ತಡ ಮಾತ್ರ ಹಾಗೇ ಉಳಿದಿದೆ. ಅದು ಮನೆಯೊಳಗಿನದು. ‘ಸ್ವಲ್ಪ ಮಲಗಿದರೆ ಸರಿಹೋಗುತ್ತೆ’, ‘ಮಗ ಆಫೀಸಿನಿಂದ ಬರಲಿ’, ‘ಗ್ಯಾಸ್ ಇರಬೇಕು’ - ನಮ್ಮ ವಯಸ್ಸಿನವರ ಮಂತ್ರಗಳಿವು. ಪಾರಿವಾಳದ ರಕ್ತ ಹಚ್ಚಿ ಕಂಬಳಿ ಹೊದಿಸುವವರು ಈಗಲೂ ಇದ್ದಾರೆ. ಪಾರಿವಾಳವೂ ಹೋಯಿತು, ಹೊತ್ತೂ ಹೋಯಿತು. ಅಕ್ಕರೆಯಿಂದ ಹಾಲೋ ನೀರೋ ಕುಡಿಸುವುದೂ ಅಪಾಯ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಮಾತ್ರೆಯನ್ನೂ ಮನೆಯಲ್ಲಿ ಕೊಡಬಾರದು. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡಿದ ಮೇಲಷ್ಟೇ ಗೊತ್ತಾಗುವುದು. ಒಡೆದಿದ್ದರೆ ಆಸ್ಪಿರಿನ್ನಿಂದ ಕೇಡೇ ಹೆಚ್ಚು.

ಈ ತಡ ತಪ್ಪಿಸಲು ಹೊರಟವರು ಕೊನೆಗೆ ಹಿಡಿದದ್ದು ಶಾಲೆಯ ದಾರಿಯನ್ನು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ನರರೋಗ ತಜ್ಞ ಒಲಜಿಡೆ ವಿಲಿಯಮ್ಸ್, ಹುಡುಗರಿಗೆ ಇಷ್ಟವಾದ ಹಿಪ್ ಹಾಪ್ ಹಾಡು, ಕಾರ್ಟೂನುಗಳಲ್ಲಿ ಸ್ಟ್ರೋಕಿನ ಲಕ್ಷಣಗಳನ್ನು ಕಲಿಸಿದರು. 22 ಶಾಲೆಗಳ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅದರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಲಿತ ಮಕ್ಕಳಲ್ಲಿ ನಾಲ್ವರು ನಿಜಕ್ಕೂ ಸ್ಟ್ರೋಕಿನ ಲಕ್ಷಣ ಕಂಡು ತುರ್ತು ಸಂಖ್ಯೆಗೆ ಫೋನ್ ಮಾಡಿದ್ದರು. ಅವರಲ್ಲೊಂದು ಮಗು, ‘ಸ್ವಲ್ಪ ಕಾದು ನೋಡೋಣ’ ಎಂದ ಹಿರಿಯರ ಮಾತನ್ನು ಮೀರಿ ಫೋನ್ ಮಾಡಿತ್ತು. ಗ್ರೀಸ್‌ನಲ್ಲಿ ಹುಟ್ಟಿದ ‘ಫಾಸ್ಟ್ ಹೀರೋಸ್’ ಎಂಬ ಇನ್ನೊಂದು ಕಾರ್ಯಕ್ರಮ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕಲಿಸಿ, ಅವರಿಂದ ಅಜ್ಜ ಅಜ್ಜಿಯರಿಗೆ ಪಾಠ ಹೇಳಿಸುತ್ತದೆ.

ನಾನೂ ಆರನೇ ತರಗತಿಯ ಮೊಮ್ಮಗಳನ್ನು ಕೂರಿಸಿಕೊಂಡು ಹೇಳಿಕೊಟ್ಟೆ. ಮುಖ, ಕೈ, ಮಾತು, ಹೊತ್ತು - ನಾಲ್ಕೇ ಪದ. ‘ತಾತ, ನಗು’ ಎನ್ನಬೇಕು. ಬಾಯಿ ಒಂದು ಕಡೆಗೆ ಸೊಟ್ಟಗಾದರೆ ಅನುಮಾನ. ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಲು ಹೇಳಬೇಕು. ಒಂದು ಕೈ ತಾನಾಗಿ ಇಳಿದರೆ ಅನುಮಾನ. ‘ಇವತ್ತು ತಿಂಡಿಗೆ ಉಪ್ಪಿಟ್ಟು ಮಾಡಿದ್ದರು’ ಎಂಬಂಥ ಸರಳ ವಾಕ್ಯ ಹೇಳಿಸಬೇಕು; ತೊದಲಿದರೆ, ಏನೇನೋ ಆಡಿದರೆ ಅನುಮಾನ. (ತರೀಕೆರೆ ಏರಿಯ ಕುರಿಮರಿ ಬೇಡ, ಅದಕ್ಕೆ ಗಟ್ಟಿಮುಟ್ಟಾದವರ ನಾಲಗೆಯೂ ಹೊರಳುವುದಿಲ್ಲ.) ಮೂರರಲ್ಲಿ ಒಂದೇ ಕಂಡರೂ ಗಡಿಯಾರ ನೋಡಿ 108ಕ್ಕೆ ಫೋನ್. ಇದ್ದಕ್ಕಿದ್ದಂತೆ ಕಣ್ಣು ಮಂಜಾದರೆ, ಓಲಾಡುವಂತಾದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಆಗಲೂ ಅಷ್ಟೇ.

ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ತಾತ, ನೀನೇ ಬೇಡ ಅಂದ್ರೆ?’

ಅಂದೇ ಅನ್ನುತ್ತೇನೆ. ಎಪ್ಪತ್ತು ದಾಟಿದ ನಮಗೆ ಇನ್ನೊಬ್ಬರಿಗೆ ತೊಂದರೆ ಕೊಡುವ ಸಂಕೋಚ ಹೆಚ್ಚು. ಮೇಲಾಗಿ ಆ ಹೊತ್ತಿನಲ್ಲಿ ತೀರ್ಮಾನ ಮಾಡಬೇಕಾದ ಮಿದುಳೇ ಪೆಟ್ಟು ತಿಂದಿರುತ್ತದೆ. ಎಷ್ಟೋ ರೋಗಿಗಳಿಗೆ ತಮ್ಮ ಕೈ ಬಿದ್ದಿರುವುದೇ ತಿಳಿಯುವುದಿಲ್ಲ. ‘ಆಗ ನನ್ನ ಮಾತು ಕೇಳಬೇಡ, ಫೋನ್ ಮಾಡು. ಏನೂ ಇಲ್ಲ ಅಂತಾದರೆ ಬೈಗುಳ ನನಗಿರಲಿ’ ಎಂದೆ. ಅವಳ ಅಮ್ಮನನ್ನೂ ಕರೆದು ಅವಳೆದುರೇ ಇದನ್ನು ಒಪ್ಪಿಸಿದ್ದೇನೆ. ಅಜ್ಜ ಅಜ್ಜಿಯರೇ, ನೀವೂ ಈ ಅನುಮತಿಯನ್ನು ಮೊದಲೇ ಕೊಟ್ಟಿಡಿ. ದೊಡ್ಡವರ ಮಾತು ಮೀರಬಾರದು ಎಂದು ಕಲಿಸಿದವರು ನಾವೇ ತಾನೆ?

ಲಕ್ಷಣ ಹತ್ತು ನಿಮಿಷದಲ್ಲಿ ಮಾಯವಾದರೆ? ಆಗಲೂ ಹೋಗಲೇಬೇಕು. ಅದು ಮಿನಿ ಸ್ಟ್ರೋಕ್. ಆಕ್ಸ್‌ಫರ್ಡಿನಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಮಿನಿ ಸ್ಟ್ರೋಕ್ ಅಥವಾ ಸಣ್ಣ ಸ್ಟ್ರೋಕ್ ಆದವರಿಗೆ ತಕ್ಷಣ ಚಿಕಿತ್ಸೆ ಶುರು ಮಾಡಿದಾಗ, ಮೂರು ತಿಂಗಳೊಳಗೆ ಮತ್ತೆ ಸ್ಟ್ರೋಕ್ ಆಗುವವರು ನೂರಕ್ಕೆ ಸುಮಾರು 10ರಿಂದ 2ಕ್ಕೆ ಇಳಿದರು.

ಬಾರದಂತೆ ತಡೆಯುವುದರಲ್ಲಿ ರಕ್ತದೊತ್ತಡದ ಪಾಲೇ ದೊಡ್ಡದು. ಬಿ.ಪಿ. ಮಾತ್ರೆಯನ್ನು ‘ಈಗ ನಾರ್ಮಲ್ ಆಯ್ತಲ್ಲ’ ಎಂದು ಬಿಡುವವರ ಬಗ್ಗೆ ನನಗೆ ಸಿಟ್ಟಿದೆ. ಮಾತ್ರೆಯಿಂದಲೇ ಅಲ್ಲವೆ ನಾರ್ಮಲ್ ಆದದ್ದು! ಚೀನಾದ 600 ಹಳ್ಳಿಗಳಲ್ಲಿ ಮಾಮೂಲಿ ಉಪ್ಪಿನ ಕಾಲುಭಾಗವನ್ನು ಪೊಟ್ಯಾಸಿಯಂ ಉಪ್ಪಾಗಿ ಬದಲಿಸಿ ನೋಡಿದಾಗ ಸ್ಟ್ರೋಕ್‌ಗಳು ನೂರಕ್ಕೆ 14ರಷ್ಟು ಕಡಿಮೆಯಾದವು ಎಂಬುದು 2021ರ ಫಲಿತಾಂಶ. ಮೂತ್ರಪಿಂಡದ ತೊಂದರೆ ಇರುವವರಿಗೆ ಆ ಉಪ್ಪು ಆಗದು, ವೈದ್ಯರನ್ನು ಕೇಳದೆ ತರಬೇಡಿ. ಊಟದ ಎಲೆಯ ಉಪ್ಪಿನಕಾಯಿ, ಹಪ್ಪಳಕ್ಕೆ ಕೈ ಹಿಡಿಯಲು ಮಾತ್ರ ಯಾರನ್ನೂ ಕೇಳಬೇಕಿಲ್ಲ.

ನಮ್ಮ ಫ್ರಿಜ್ಜಿನ ಬಾಗಿಲಿಗೆ ಮೊಮ್ಮಗಳು ಒಂದು ಹಾಳೆ ಅಂಟಿಸಿದ್ದಾಳೆ. ಮೇಲೆ ದಪ್ಪಕ್ಷರದಲ್ಲಿ 108. ಕೆಳಗೆ, ಹಗಲು ರಾತ್ರಿ ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯ ಹೆಸರು; ನಾವೇ ಹೋಗಿ ವಿಚಾರಿಸಿ ಬಂದೆವು. ಅದರ ಕೆಳಗೆ ನನ್ನ ಮಾತ್ರೆಗಳ ಪಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಪ್ಪದೆ ಬರೆಯಬೇಕು, ಕರಗಿಸುವ ಮದ್ದು ಕೊಡಬಹುದೇ ಎಂಬುದು ಅದರ ಮೇಲೂ ನಿಂತಿದೆ. ಕೊನೆಯಲ್ಲಿ ಒಂದು ಖಾಲಿ ಗೆರೆ: ‘ತಾತ ಕೊನೆಯದಾಗಿ ಚೆನ್ನಾಗಿದ್ದ ಹೊತ್ತು’. ವೈದ್ಯರು ಮೊದಲು ಕೇಳುವುದು ಇದನ್ನೇ. ಬೆಳಗ್ಗೆ ಏಳುವಾಗಲೇ ಕೈ ಬಿದ್ದಿದ್ದರೆ ಲೆಕ್ಕ ಎದ್ದ ಹೊತ್ತಿನಿಂದಲ್ಲ, ಹಿಂದಿನ ರಾತ್ರಿ ಚೆನ್ನಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ ಶುರುವಾಗುತ್ತದೆ. ಹಾಗಾಗಿ ಈಗ ಅವಳು ಮಲಗುವ ಮುನ್ನ ನನ್ನ ಕೋಣೆಗೆ ಬಂದು ‘ಗುಡ್ ನೈಟ್ ತಾತ’ ಎನ್ನುತ್ತಾಳೆ, ಗೋಡೆ ಗಡಿಯಾರದತ್ತ ಒಮ್ಮೆ ನೋಡಿ ಹೋಗುತ್ತಾಳೆ.