ಸಂದರ್ಶನಕ್ಕೆ ಮಾತಿನಮಲ್ಲರೇ ಆಗಬೇಕೆ?

ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷದ ಐಟಿಐ ಮಾಡಿದ ಹುಡುಗನೋ ಹುಡುಗಿಯೋ ಮೊದಲ ಸಲ ಕಂಪನಿಯವರ ಎದುರು ಕೂರುವ ಹೊತ್ತಿಗೆ ವಯಸ್ಸು ಹದಿನೇಳೋ ಹದಿನೆಂಟೋ ಆಗಿರುತ್ತದೆ. ಗುರುತಿಲ್ಲದ ಹಿರಿಯರ ಮುಂದೆ ತಮ್ಮ ಬಗ್ಗೆ ಐದು ನಿಮಿಷ ಮಾತಾಡಿ ಅವರಿಗೆ ಅಭ್ಯಾಸವೇ ಇರುವುದಿಲ್ಲ. ದೊಡ್ಡವರೆದುರು ಹೆಚ್ಚು ಮಾತಾಡಬೇಡ ಎಂದು ಬೆಳೆಸಿದ ನಾವೇ ಒಂದು ಬೆಳಗ್ಗೆ ಇಸ್ತ್ರಿ ಅಂಗಿ ಹಾಕಿಸಿ, ಧೈರ್ಯವಾಗಿ ಮಾತಾಡಿ ಬಾ ಎಂದು ಕಳಿಸುತ್ತೇವೆ. ಈ ಕೊರತೆ ತುಂಬಲು ಎಷ್ಟೋ ಕಡೆ ಇರುವುದು ಕೊನೆಯ ತಿಂಗಳಲ್ಲಿ ನಡೆಯುವ ಒಂದು ದಿನದ ವ್ಯಕ್ತಿತ್ವ ವಿಕಸನ ಕಾರ್ಯಾಗಾರ. ಮಕ್ಕಳು ಅಲ್ಲಿಂದ ಹೊತ್ತು ತರುವ ನಂಬಿಕೆಗಳಲ್ಲಿ ಕೆಲವನ್ನು ಒರೆಗೆ ಹಚ್ಚಬೇಕಾಗಿದೆ.

"ಮಾತಿನ ಪಾಲು ಶೇ 7, ಮಿಕ್ಕಿದ್ದೆಲ್ಲ ಹಾವಭಾವ"

ಪದಗಳಿಗೆ ಶೇ 7, ದನಿಗೆ ಶೇ 38, ದೇಹಭಾಷೆಗೆ ಶೇ 55. ಪ್ರೊಜೆಕ್ಟರ್ ಇರುವ ತರಬೇತಿಗಳಲ್ಲಿ ಈ ಸ್ಲೈಡ್ ತಪ್ಪುವುದು ಅಪರೂಪ. ಅಂಕಿಗಳು ಕಟ್ಟುಕತೆಯಲ್ಲ, ಆದರೆ ಅವು ಹುಟ್ಟಿದ ಜಾಗವೇ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಸಂಗಡಿಗರೊಂದಿಗೆ 1967ರಲ್ಲಿ ಎರಡು ಪ್ರಯೋಗಗಳನ್ನು ಪ್ರಕಟಿಸಿದರು. ಒಂದರಲ್ಲಿ ಬಿಡಿಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ 'ಮೇಬಿ' ಎಂಬ ಒಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಜೊತೆಗೆ ಮುಖದ ಫೋಟೊ ತೋರಿಸಿದರು. ಹೇಳಿದವರಿಗೆ ಎದುರಿನವರು ಇಷ್ಟವೋ ಅಲ್ಲವೋ ಎಂಬುದನ್ನು ಕೇಳುಗರು ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ ಜನ ಮುಖವನ್ನೇ ನಂಬುತ್ತಾರೆ. ಮುಖ ಗಂಟಿಕ್ಕಿಕೊಂಡು "ಊಟ ಮಾಡ್ಕೊಂಡು ಹೋಗಿ" ಎಂದರೆ ನಾವು ಎಲೆ ಮುಂದೆ ಕೂರುತ್ತೇವೆಯೆ? ಈ ಲೆಕ್ಕ ಭಾವನೆ, ಒಲವುಗಳನ್ನು ತಿಳಿಸುವ ಮಾತಿಗೆ ಮಾತ್ರ ಸಲ್ಲುತ್ತದೆ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ವರ್ನಿಯರ್ ಕ್ಯಾಲಿಪರ್ ಕೈಗಿಟ್ಟು ಇದರ ಲೀಸ್ಟ್ ಕೌಂಟ್ ಎಷ್ಟು ಎಂದು ಕೇಳಿದರೆ, ಭುಜ ನೆಟ್ಟಗೆ ಮಾಡಿ ಶೇ 93ರಷ್ಟು ಉತ್ತರ ಕೊಡಲು ಬರುವುದಿಲ್ಲ. 0.02 ಮಿಲಿಮೀಟರ್ ಎಂದು ಬಾಯಿಬಿಟ್ಟೇ ಹೇಳಬೇಕು.

ಇದರ ದಾಯಾದಿಯಂಥ ಇನ್ನೊಂದು ಉಪದೇಶವಿದೆ: ಒಳಗೆ ಹೋಗುವ ಮುನ್ನ ಸೊಂಟಕ್ಕೆ ಕೈಯಿಟ್ಟು ಎದೆಯುಬ್ಬಿಸಿ ಎರಡು ನಿಮಿಷ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗಿ ಧೈರ್ಯ ಬರುತ್ತದೆ ಎನ್ನುವುದು. 2010ರಲ್ಲಿ 42 ಜನರ ಮೇಲೆ ನಡೆದ ಅಧ್ಯಯನ ಇದಕ್ಕೆ ಮೂಲ. 2015ರಲ್ಲಿ ಬೇರೆ ತಂಡ 200 ಜನರ ಮೇಲೆ ಮಾಡಿ ನೋಡಿದಾಗ ಹಾರ್ಮೋನಿನಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮೂಲ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿ, ಈ ಪರಿಣಾಮದಲ್ಲಿ ತಮಗೆ ನಂಬಿಕೆ ಉಳಿದಿಲ್ಲ ಎಂದು 2016ರಲ್ಲಿ ಬಹಿರಂಗವಾಗಿಯೇ ಹೇಳಿದರು. ಹಾಗಂತ ಮುದುಡಿ ಕೂರಬೇಕಿಲ್ಲ. ನಮಸ್ಕಾರ ಹೇಳಿ, ಕೇಳಿದವರ ಮುಖ ನೋಡಿ ಉತ್ತರಿಸಿ, ಫೋನ್ ಸೈಲೆಂಟಿಗೆ ಹಾಕಿಟ್ಟರೆ ದೇಹಭಾಷೆಯ ಪಾಠ ಬಹುಮಟ್ಟಿಗೆ ಮುಗಿಯಿತು.

ಮೊದಲ ನಿಮಿಷದಲ್ಲೇ ಹಣೆಬರಹ ನಿರ್ಧಾರವಾಗುತ್ತದೆ ಎಂಬ ಮಾತೂ ಅತಿಯಾಯಿತು. ಆರುನೂರಕ್ಕೂ ಹೆಚ್ಚು ಸಂದರ್ಶನಗಳನ್ನು ಗಮನಿಸಿದ 2016ರ ಒಂದು ಅಧ್ಯಯನದಲ್ಲಿ, ಒಂದೇ ನಿಮಿಷದೊಳಗೆ ತೀರ್ಮಾನ ಆದದ್ದು ಶೇ 5ರ ಆಸುಪಾಸು. ಐದು ನಿಮಿಷದೊಳಗೆ ಶೇ 30ರ ಸುಮಾರು. ಅಂದರೆ ಆರಂಭದಲ್ಲಿ ತಡವರಿಸಿದವರಿಗೂ ಸರಿಪಡಿಸಿಕೊಳ್ಳಲು ಸಮಯ ಇದ್ದೇ ಇದೆ.

"ಚೆನ್ನಾಗಿ ಮಾತಾಡುವುದು ಹುಟ್ಟುಗುಣ"

ತರಗತಿಯ ವಾಚಾಳಿಗೆ ಕೆಲಸ ಗ್ಯಾರಂಟಿ, ಮೌನಿಗೆ ಕಷ್ಟ ಎಂದು ಮೇಷ್ಟರುಗಳೂ ನಂಬುತ್ತಾರೆ. ಬಾಯಿಗೆ ಬಂದದ್ದು ಕೇಳುವ ಹರಟೆಯಂಥ ಸಂದರ್ಶನದಲ್ಲಿ ಅದು ನಿಜವೂ ಆಗಬಹುದು. ಆದರೆ ಅಂಥ ಸಂದರ್ಶನದಿಂದ ಒಳ್ಳೆಯ ಕೆಲಸಗಾರರು ಸಿಗುವುದು ಕಡಿಮೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ದಶಕಗಳ ಅಧ್ಯಯನಗಳನ್ನು ಒಟ್ಟುಮಾಡಿ ಮರುಲೆಕ್ಕ ಹಾಕಿದರು. ಎಲ್ಲ ಅಭ್ಯರ್ಥಿಗಳಿಗೂ ಮೊದಲೇ ಗೊತ್ತುಮಾಡಿದ ಒಂದೇ ಪ್ರಶ್ನೆಗಳನ್ನು ಕೇಳಿ, ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ನಂಟು 0.42 ಎಂದು ಬಂತು. ಹರಟೆ ಮಾದರಿಯದು 0.19. ಏನೇನೂ ಸಂಬಂಧವಿಲ್ಲದಿದ್ದರೆ ಸೊನ್ನೆ, ಪೂರ್ತಿ ಹೊಂದಿಕೆಯಾದರೆ 1 ಎಂಬ ಅಳತೆ ಅದು.

ಕ್ರಮಬದ್ಧ ಸಂದರ್ಶನದಲ್ಲಿ ಕೇಳುವುದು ಹೆಚ್ಚಾಗಿ ನಡೆದ ಸಂಗತಿ. "ಕೆಲಸದಲ್ಲಿ ತಪ್ಪಾದದ್ದು ಒಂದು ಹೇಳಪ್ಪ, ಆಮೇಲೆ ಏನು ಮಾಡಿದೆ?" ಇದಕ್ಕೆ ನಿರರ್ಗಳ ನಾಲಿಗೆ ಬೇಡ, ನೆನಪು ಬೇಕು. ಟರ್ನರ್ ಟ್ರೇಡಿನ ಹುಡುಗನೊಬ್ಬ "ಐ ಆಮ್ ಹಾರ್ಡ್‌ವರ್ಕಿಂಗ್ ಸರ್" ಎಂದರೆ ಕೇಳಿದವರಿಗೆ ಏನೂ ಗೊತ್ತಾಗುವುದಿಲ್ಲ. ಅದೇ ಹುಡುಗ ಹೀಗೆ ಹೇಳಲಿ: "25 ಎಂಎಂ ರಾಡನ್ನ 20ಕ್ಕೆ ಟರ್ನಿಂಗ್ ಮಾಡ್ಬೇಕಿತ್ತು ಸರ್. ಕೊನೆ ಕಟ್ ಜಾಸ್ತಿ ಕೊಟ್ಟೆ, ಜಾಬ್ ಅಂಡರ್‌ಸೈಜ್ ಆಯ್ತು. ಇನ್‌ಸ್ಟ್ರಕ್ಟರಿಗೆ ನಾನೇ ಹೇಳ್ದೆ. ಅವತ್ತಿಂದ ಫಿನಿಷಿಂಗ್ ಕಟ್‌ಗೆ ಮೊದ್ಲು ಲೇತ್ ನಿಲ್ಸಿ ಅಳತೆ ನೋಡ್ತೀನಿ." ಏನಾಯಿತು, ನನ್ನ ಪಾಲು ಏನು, ನಾನೇನು ಮಾಡಿದೆ, ಕೊನೆಗೆ ಏನಾಯಿತು ಎಂಬ ನಾಲ್ಕೂ ಇದರಲ್ಲಿ ಬಂದವು. ಇದಕ್ಕೆ ಮೌನಿಯೂ ಸಾಕು, ನಾಲ್ಕು ಸಲ ಹೇಳಿ ಅಭ್ಯಾಸವಾಗಿರಬೇಕು ಅಷ್ಟೇ.

"ಬಾಯಿಪಾಠ ಮಾಡಿ ಕನ್ನಡಿ ಮುಂದೆ ಒಪ್ಪಿಸಿದರೆ ಸಾಕು"

ಕನ್ನಡಿ ಮರುಪ್ರಶ್ನೆ ಕೇಳುವುದಿಲ್ಲ. ಒಪ್ಪಿಸುವವರ ಗಾಡಿ ನಿಲ್ಲುವುದೇ "ಯಾಕೆ?" ಎಂಬ ಒಂದು ಮಾತಿಗೆ. ಹವ್ಯಾಸ ಓದುವುದು ಎಂದವರನ್ನು ಕೊನೆಗೆ ಓದಿದ ಪುಸ್ತಕ ಯಾವುದು ಎಂದು ಕೇಳಿ ನೋಡಿ.

"ಜೊತೆಯವರಿಗೇನು ಗೊತ್ತು, ಅವರೂ ಮಕ್ಕಳೇ ತಾನೆ?"

ನಿಜವಾದ ಕೆಲಸ ನಡೆಯುವುದು ಈ ಜೊತೆಯವರ ನಡುವೆಯೇ. ಒಂದು ಬೆಂಚಿನ ನಾಲ್ವರನ್ನು ಅಣಕು ಸಂದರ್ಶನಕ್ಕೆ ಕೂರಿಸಿ. ಒಬ್ಬರು ಅಭ್ಯರ್ಥಿ, ಇಬ್ಬರು ಪ್ರಶ್ನೆ ಕೇಳುವವರು, ನಾಲ್ಕನೆಯವರ ಕೈಯಲ್ಲಿ ಒಂದು ಹಾಳೆ. ಎಂಟೆಂಟು ನಿಮಿಷಕ್ಕೆ ಜಾಗ ಬದಲು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ನಾಲ್ವರದೂ ಒಂದು ಸುತ್ತು ಮುಗಿಯುತ್ತದೆ.

ಹಾಳೆಯಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಬಿಟ್ಟರೆ ಹುಡುಗರು ಬರೆಯುವುದು ಎರಡೇ: "ಸೂಪರ್ ಮಗಾ" ಅಥವಾ "ವೇಸ್ಟ್ ಕಣೋ". ಎರಡರಿಂದಲೂ ಕವಡೆ ಕಾಸಿನ ಪ್ರಯೋಜನವಿಲ್ಲ, ಎರಡನೆಯದರಿಂದ ಕೆಡುಕೂ ಉಂಟು. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ 1996ರಲ್ಲಿ ಹಿಮ್ಮಾಹಿತಿಯ ಕುರಿತ ನೂರಾರು ಫಲಿತಾಂಶಗಳನ್ನು ಜೋಡಿಸಿ ನೋಡಿದಾಗ, ಸರಾಸರಿಯಲ್ಲಿ ಅದರಿಂದ ಲಾಭವೇ ಕಂಡಿತಾದರೂ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಡೆ ಸಾಧನೆ ಕುಸಿದಿತ್ತು. ಗಮನ ಕೆಲಸದಿಂದ ಸರಿದು 'ನಾನು ಎಂಥವನು' ಎಂಬಲ್ಲಿಗೆ ಹೋದಾಗ ಹೀಗಾಗುತ್ತದೆ ಎಂದು ಅವರು ವಿವರಿಸಿದರು. ಹಾಗಾಗಿ ನಿಯಮ ಇಷ್ಟೇ: ಕಂಡದ್ದು, ಕೇಳಿದ್ದು ಬರೆ, ತೀರ್ಪು ಬರೆಯಬೇಡ. "ಕಾನ್ಫಿಡೆನ್ಸ್ ಇಲ್ಲ" ಎಂದರೆ ಕೇಳಿದವಳು ಅದನ್ನು ಇಟ್ಟುಕೊಂಡು ಏನು ಮಾಡಬೇಕು? "ಪ್ರಾಜೆಕ್ಟ್ ಬಗ್ಗೆ ಕೇಳಿದಾಗೆಲ್ಲ 'ನಾವು ಮಾಡಿದ್ವಿ' ಅಂದೆ, ನೀನು ಏನು ಮಾಡಿದೆ ಅಂತ ಗೊತ್ತಾಗ್ಲಿಲ್ಲ" ಎಂದರೆ ಮುಂದಿನ ಸುತ್ತಿನಲ್ಲೇ ತಿದ್ದಿಕೊಳ್ಳಬಹುದು. ಮೇಷ್ಟರ ಕಣ್ಣಿಗೂ ಬೀಳದ ಇಂಥದ್ದು ಜೊತೆಯವರ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಪ್ರಾಜೆಕ್ಟಿನಲ್ಲಿ ಯಾರು ಏನು ಮಾಡಿದರು ಎಂಬುದು ಅವರಿಗೆ ಗೊತ್ತು!

ಲಾಭ ಕೇಳಿಸಿಕೊಂಡವರಿಗಷ್ಟೇ ಅಲ್ಲ. ಕ್ರಿಸ್ಟಿ ಲುಂಡ್‌ಸ್ಟ್ರೋಮ್ ಮತ್ತು ವೆಂಡಿ ಬೇಕರ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಬರವಣಿಗೆ ಕಲಿಯುತ್ತಿದ್ದ ವಿದ್ಯಾರ್ಥಿಗಳ ಪೈಕಿ ಬೇರೆಯವರ ಬರಹ ನೋಡಿ ಅಭಿಪ್ರಾಯ ಕೊಟ್ಟವರೇ ಅಭಿಪ್ರಾಯ ಪಡೆದವರಿಗಿಂತ ಹೆಚ್ಚು ಸುಧಾರಿಸಿದ್ದರು. ಅದು ಬರವಣಿಗೆಯ ಮಾತು, ಸಂದರ್ಶನದ್ದಲ್ಲ. ಆದರೂ ಮೇಜಿನ ಆಚೆ ಕೂತು ಇಬ್ಬರಿಗೆ ಪ್ರಶ್ನೆ ಕೇಳಿದವಳಿಗೆ, ಉದ್ದುದ್ದ ಉತ್ತರ ಕೇಳುವವರಿಗೆ ಎಷ್ಟು ಬೇಸರ ತರುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಗೆಳೆಯರ ಮಾತಿಗೂ ಮಿತಿಯಿದೆ. ತಾಂತ್ರಿಕ ಉತ್ತರ ಸರಿಯೋ ತಪ್ಪೋ ಎಂಬುದನ್ನು ಇನ್‌ಸ್ಟ್ರಕ್ಟರೇ ನೋಡಬೇಕು. ಸಂಬಳದ ವಿಷಯದಲ್ಲಂತೂ ಹುಡುಗರು ಗಾಳಿಸುದ್ದಿಯನ್ನೇ ಹಂಚಿಕೊಳ್ಳುತ್ತಾರೆ. ಗೇಲಿಯ ಭಯವೂ ಇದೆ. ಅದಕ್ಕೆ ಒಳ್ಳೆಯ ಮದ್ದು, ಮೊದಲ ದಿನ ಮೇಷ್ಟರೇ ಅಭ್ಯರ್ಥಿಯ ಕುರ್ಚಿಯಲ್ಲಿ ಕೂತು ತರಗತಿಯಿಂದ ಹಾಳೆ ಬರೆಸಿಕೊಳ್ಳುವುದು. ಇನ್ನೊಂದನ್ನು ಮರೆಯಬಾರದು: ಹಾಳೆ ಓದಿದ ಮೇಲೆ ಅದೇ ಪ್ರಶ್ನೆಗೆ ಆ ವಾರದೊಳಗೇ ಮತ್ತೆ ಉತ್ತರಿಸಲು ಅವಕಾಶ ಸಿಗಬೇಕು. ಎರಡನೆಯ ಯತ್ನವಿಲ್ಲದ ಹಿಮ್ಮಾಹಿತಿ ಬರೀ ಟೀಕೆ.

"ನನ್ನ ನಡುಕ ಎಲ್ಲರಿಗೂ ಕಾಣುತ್ತದೆ"

ಕಾಣುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಭಾಷಣ ಮಾಡುವವರು ತಾವು ಎಷ್ಟು ಹೆದರಿದಂತೆ ತೋರಿದೆವು ಎಂದು ಊಹಿಸುತ್ತಾರೋ, ಕೇಳುಗರಿಗೆ ಅದಕ್ಕಿಂತ ಕಡಿಮೆಯೇ ತೋರುತ್ತದೆ ಎಂದು ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ತೋರಿಸಿದರು. ಈ ವಿಷಯವನ್ನು ಮೊದಲೇ ತಿಳಿದುಕೊಂಡು ಭಾಷಣ ಮಾಡಿದವರು ಇನ್ನೂ ಚೆನ್ನಾಗಿ ಮಾತಾಡಿದರು. ತರಗತಿಯಲ್ಲೇ ಪರೀಕ್ಷಿಸಬಹುದು: ಅಭ್ಯರ್ಥಿ ತನ್ನ ಹೆದರಿಕೆಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಗುಟ್ಟಾಗಿ ಬರೆದಿಡಲಿ, ಉಳಿದ ಮೂವರೂ ಬರೆಯಲಿ, ಆಮೇಲೆ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

"ಇಂಗ್ಲಿಷ್ ಬಾರದಿದ್ದರೆ ಮುಗಿಯಿತು"

ಹೋಟೆಲಿನ ರಿಸೆಪ್ಷನ್‌, ಕಾಲ್‌ ಸೆಂಟರ್‌ಗಳಿಗೆ ಇಂಗ್ಲಿಷ್ ಬೇಕು, ಅದರಲ್ಲಿ ಮುಚ್ಚುಮರೆ ಬೇಡ. ಲೇತ್ ಮುಂದೆ ನಿಲ್ಲುವ ಕೆಲಸಕ್ಕೆ ಡ್ರಾಯಿಂಗ್ ಓದಲು ಬರಬೇಕು. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ 275 ಅಂಕದ ಸಂದರ್ಶನವನ್ನೇ, ಮುಖ್ಯ ಪರೀಕ್ಷೆ ಕನ್ನಡದಲ್ಲಿ ಬರೆದವರು ಕನ್ನಡದಲ್ಲಿ ಎದುರಿಸಬಹುದು. ಉತ್ತರವನ್ನು ಮೊದಲು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿ ನೋಡಲಿ.

"ಏನೇ ಮಾಡಿದರೂ ವಶೀಲಿಯಿಲ್ಲದೆ ಆಗುವುದಿಲ್ಲ"

ಅಪ್ಪಂದಿರ ಮೆಚ್ಚಿನ ಮಾತು ಇದು, ಅದಕ್ಕೆ ಕಾರಣಗಳೂ ಇದ್ದವು. ಆದರೆ ಕೇಂದ್ರ ಸರ್ಕಾರ ಗ್ರೂಪ್ 'ಸಿ' ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ 'ಬಿ' ಹುದ್ದೆಗಳಿಗೆ ಸಂದರ್ಶನವನ್ನೇ 2016ರ ಜನವರಿ 1ರಿಂದ ತೆಗೆದುಹಾಕಿದೆ. ಆ ಹುದ್ದೆಗಳಿಗೆ ಪರೀಕ್ಷೆಯ ಅಂಕವೇ ಆಧಾರ. ಹದಿನೆಂಟರ ಮಕ್ಕಳು ಸಂದರ್ಶನದ ಕುರ್ಚಿಯಲ್ಲಿ ಕೂರಬೇಕಾಗುವುದು ಹೆಚ್ಚಾಗಿ ಖಾಸಗಿ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಅಪ್ರೆಂಟಿಸ್‌ಶಿಪ್‌ಗಳಿಗೆ.

ಪ್ಲೇಸ್‌ಮೆಂಟ್ ಹೊಣೆ ಹೊತ್ತ ಉಪನ್ಯಾಸಕರಲ್ಲಿ ಒಂದು ವಿನಂತಿ. ಕೊನೆಯ ತಿಂಗಳ ಒಂದು ದಿನದ ಕಾರ್ಯಾಗಾರದ ದುಡ್ಡು ಉಳಿಸಿ. ಎರಡನೆಯ ವರ್ಷದ ಮೊದಲ ವಾರದಿಂದಲೇ ಶನಿವಾರಕ್ಕೊಂದು ಪೀರಿಯಡ್, ನಾಲ್ಕು ಕುರ್ಚಿ, ಒಂದು ಹಾಳೆ ಕೊಡಿ.